ಹತ್ತು ರೂಪಾಯಿ ನೋಟಿನಿಂದ ಪಾಸ್‌ವರ್ಡ್

ಬೆಂಗಳೂರಿನ ಎಸ್.ಪಿ. ರಸ್ತೆಯ ರಿಪೇರಿ ಅಂಗಡಿಗೆ ಲ್ಯಾಪ್‌ಟಾಪ್ ಹಿಡಿದು ಹೋದವರಿಗೆ ಕೌಂಟರಿನಲ್ಲಿ ಮೂರು ಪ್ರಶ್ನೆ ಕಾದಿರುತ್ತವೆ. ‘ಏನ್ ಪ್ರಾಬ್ಲಂ ಸಾರ್? ಚಾರ್ಜರ್ ತಂದಿದ್ದೀರಾ? ಪಾಸ್‌ವರ್ಡ್ ಏನು?’ ಮೊದಲೆರಡಕ್ಕೆ ಎಷ್ಟು ಸಲೀಸಾಗಿ ಉತ್ತರ ಬರುತ್ತದೋ ಮೂರನೆಯದಕ್ಕೂ ಅಷ್ಟೇ ಸಲೀಸಾಗಿ ಬರುತ್ತದೆ, ಹಿಂದೆ ನಿಂತ ನಾಲ್ಕು ಜನರ ಕಿವಿಗೂ ಬೀಳುವಂತೆ. ಅಂಗಡಿಯ ಹುಡುಗ ಅದನ್ನು ಟೇಪಿನ ಚೂರಿನ ಮೇಲೆ ಬರೆದು ಲ್ಯಾಪ್‌ಟಾಪಿನ ಬೆನ್ನಿಗೆ ಅಂಟಿಸುತ್ತಾನೆ. ಅಲ್ಲಿರುವುದು ಸಾಮಾನ್ಯವಾಗಿ ಮಗುವಿನ ಹೆಸರು, ಒಂದು @, ಕೊನೆಗೊಂದು 123.

ಪರದೆ, ಬ್ಯಾಟರಿ, ಕೀಬೋರ್ಡ್ ಬದಲಿಸಲು ಪಾಸ್‌ವರ್ಡ್ ಬೇಕಿಲ್ಲ. ಕೆಲಸ ಮುಗಿದ ಮೇಲೆ ಪರೀಕ್ಷಿಸಿ ನೋಡಬೇಕು ಎಂದು ಅಂಗಡಿಯವರು ಹೇಳಿದರೆ, ಮನೆಯಲ್ಲೇ ‘ರಿಪೇರಿ’ ಎಂಬ ಹೆಸರಿನ ಇನ್ನೊಂದು ಸಾಮಾನ್ಯ ಅಕೌಂಟ್ ತೆರೆದು ಅದರ ಪಾಸ್‌ವರ್ಡ್ ಕೊಟ್ಟರಾಯಿತು. ಯಂತ್ರ ವಾಪಸ್ ಬಂದ ದಿನ ಅದನ್ನು ಅಳಿಸಬಹುದು. ಸಾಫ್ಟ್‌ವೇರ್ ಕೆಟ್ಟು ಅಡ್ಮಿನ್ ಪಾಸ್‌ವರ್ಡನ್ನೇ ಕೊಡಬೇಕಾಗಿ ಬಂದರೆ, ಹೊರಡುವ ಮುಂಚೆ ಅದನ್ನು ತಾತ್ಕಾಲಿಕವಾಗಿ ಬೇರೆಯದಕ್ಕೆ ಬದಲಿಸಿಕೊಂಡು ಹೋಗುವುದು ಮೇಲು.

ಆದರೆ ಟೇಪಿನ ಮೇಲಿನ ಆ ಬರಹವನ್ನು ಕದಿಯಲು ಟೇಪನ್ನು ನೋಡಲೇಬೇಕೆಂದೇನಿಲ್ಲ. ಹೆಸರು, ಚಿಹ್ನೆ, ಅಂಕಿ ಎಂಬ ಈ ಸೂತ್ರವನ್ನು ನಮ್ಮ ಜನ ಎಲ್ಲಿಂದ ಕಲಿತರೋ, ಅದನ್ನು ಗಟ್ಟಿ ಮಾಡಿದ ಒಂದು ಉದಾಹರಣೆಯಂತೂ ಪ್ರತಿ ಮನೆಯಲ್ಲೂ ಇದೆ. ಇ-ಆಧಾರ್ ಪಿಡಿಎಫ್ ತೆರೆಯಲು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷವನ್ನು ಒತ್ತಬೇಕು. ಎಂಟು ಅಕ್ಷರ, ಅಕ್ಷರವೂ ಇದೆ ಅಂಕಿಯೂ ಇದೆ. ನೋಡಲು ಭದ್ರವಾಗಿಯೇ ಕಾಣುತ್ತದೆ. ಆದರೆ ಹೆಸರು ಗೊತ್ತಿದ್ದವನಿಗೆ ಉಳಿಯುವುದು ಹೆಚ್ಚೆಂದರೆ ನೂರು ವರ್ಷಗಳ ಊಹೆ, ವಯಸ್ಸು ಅಂದಾಜು ಮಾಡಬಲ್ಲವನಿಗೆ ಹತ್ತೋ ಹದಿನೈದೋ. ಒಂದು ಕಡತ ತಪ್ಪು ಕೈಗೆ ಹೋದಾಗ ಥಟ್ಟನೆ ತೆರೆದುಕೊಳ್ಳದಿರಲಿ ಎಂಬುದಕ್ಕೆ ಅಷ್ಟು ಸಾಕಿರಬಹುದು. ಅದೇ ಸೂತ್ರವನ್ನು ಕಂಪ್ಯೂಟರಿಗೂ ಇಟ್ಟುಕೊಂಡರೆ, ವಾಟ್ಸಾಪಿನಲ್ಲಿ ಹುಟ್ಟುಹಬ್ಬದ ಶುಭಾಶಯ ಕಳಿಸಿದ ಪ್ರತಿಯೊಬ್ಬರ ಕೈಯಲ್ಲೂ ಅರ್ಧ ಪಾಸ್‌ವರ್ಡ್ ಇದ್ದಂತೆಯೇ.

ಇದು ನಮ್ಮವರ ಸೋಮಾರಿತನ ಎಂದು ಬೈದುಕೊಳ್ಳಬೇಕಾಗಿಲ್ಲ, ಲೋಕದ ರೂಢಿಯೇ ಹೀಗೆ. ಯೂನಿಕ್ಸ್ ಕಟ್ಟಿದವರಲ್ಲೊಬ್ಬರಾದ ಕೆನ್ ಥಾಂಪ್ಸನ್ ಮತ್ತು ಬೆಲ್ ಲ್ಯಾಬ್ಸ್‌ನ ರಾಬರ್ಟ್ ಮಾರಿಸ್ 1979ರಲ್ಲಿ ಬರೆದ ಪ್ರಬಂಧವೊಂದರಲ್ಲಿ 3,289 ಪಾಸ್‌ವರ್ಡ್‌ಗಳ ಲೆಕ್ಕವಿದೆ. ಅವುಗಳಲ್ಲಿ ಹದಿನೈದು ಒಂದೇ ಅಕ್ಷರದವು, 72 ಎರಡಕ್ಷರದವು. ತೀರಾ ಚಿಕ್ಕವು, ನಿಘಂಟಿನಲ್ಲಿ ಸಿಗುವವು, ಹೆಸರುಗಳು ಎಲ್ಲ ಸೇರಿ ನೂರಕ್ಕೆ 86 ಪಾಸ್‌ವರ್ಡ್ ಸುಲಭವಾಗಿ ಬಯಲಾದವು. ಕಂಪ್ಯೂಟರ್ ಮುಟ್ಟುವವರೆಲ್ಲ ತಂತ್ರಜ್ಞರೇ ಆಗಿದ್ದ ಕಾಲದ ಮಾತು ಅದು. ಮೂವತ್ತು ವರ್ಷ ಕಳೆದು, 2009ರ ಡಿಸೆಂಬರಿನಲ್ಲಿ, ರಾಕ್‌ಯು ಎಂಬ ಅಮೆರಿಕನ್ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್ ಸೋರಿಹೋಯಿತು. ಯಾವ ಮುಚ್ಚುಮರೆಯೂ ಇಲ್ಲದೆ, ಬರೆದಿಟ್ಟ ಹಾಗೇ. ಅದರಲ್ಲಿ ಸುಮಾರು 2 ಲಕ್ಷ 90 ಸಾವಿರ ಜನ ಇಟ್ಟುಕೊಂಡಿದ್ದ ಗುಟ್ಟು ಒಂದೇ: 123456.

ಆ ಪಟ್ಟಿ ಇಂದಿಗೂ ಪಾಸ್‌ವರ್ಡ್ ಮುರಿಯುವವರ ಮೊದಲ ಪಾಠಪುಸ್ತಕ. ‘ಹ್ಯಾಶ್‌ಕ್ಯಾಟ್’, ‘ಜಾನ್ ದಿ ರಿಪ್ಪರ್’ ಎಂಬ ತಂತ್ರಾಂಶಗಳು ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತವೆ. ಅವು ಕಣ್ಣುಮುಚ್ಚಿ ಅಕ್ಷರ ಜೋಡಿಸುವುದಿಲ್ಲ. ಸೋರಿಹೋದ ಪಟ್ಟಿಯ ಒಂದೊಂದು ಪದವನ್ನೂ ಎತ್ತಿಕೊಂಡು ಮೊದಲ ಅಕ್ಷರ ದೊಡ್ಡದು ಮಾಡಿ, ‘ಎ’ ಇರುವಲ್ಲಿ @ ಹಾಕಿ, ‘ಓ’ ಇರುವಲ್ಲಿ ಸೊನ್ನೆ ಇಟ್ಟು, ಕೊನೆಗೆ ಒಂದು ವರ್ಷವನ್ನೋ ಆಶ್ಚರ್ಯಚಿಹ್ನೆಯನ್ನೋ ಅಂಟಿಸಿ ನೋಡುತ್ತವೆ. ಮನುಷ್ಯ ತನ್ನದೇ ವಿಶೇಷ ಉಪಾಯ ಎಂದುಕೊಂಡದ್ದು ಅಲ್ಲಿ ಒಂದು ಸಾಲಿನ ನಿಯಮ.

ಈ ಚಿಹ್ನೆ-ಅಂಕಿಗಳ ಸರ್ಕಸ್ಸಿಗೆ ಒಬ್ಬ ಹೊಣೆಗಾರರೂ ಇದ್ದಾರೆ. ‘ನಿಸ್ಟ್’ ಎಂದು ಕರೆಯುವ ಅಮೆರಿಕದ ಮಾನಕ ಸಂಸ್ಥೆಗಾಗಿ ಬಿಲ್ ಬರ್ ಎಂಬವರು 2003ರಲ್ಲಿ ಒಂದು ಮಾರ್ಗಸೂಚಿ ಬರೆದರು. ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಚಿಹ್ನೆ ಬೆರೆಸಬೇಕು, ಆಗಾಗ ಬದಲಿಸಬೇಕು ಎಂಬ ಪದ್ಧತಿ ಅಲ್ಲಿಂದ ಲೋಕದ ಬ್ಯಾಂಕು, ಆಫೀಸುಗಳಿಗೆಲ್ಲ ಹಬ್ಬಿತು. 2017ರಲ್ಲಿ, ನಿವೃತ್ತರಾದ ಮೇಲೆ, ತಾವು ಬರೆದದ್ದರಲ್ಲಿ ಬಹುಪಾಲಿಗೆ ಈಗ ವಿಷಾದವಿದೆ ಎಂದು ಬರ್ ಪತ್ರಿಕೆಯೊಂದಕ್ಕೆ ಹೇಳಿದರು. ನಿಸ್ಟ್ ಅದೇ ವರ್ಷ ನಿಯಮವನ್ನು ತಿರುವುಮುರುವು ಮಾಡಿತು. ಚಿಹ್ನೆ ಹಾಕಲೇಬೇಕೆಂಬ ಒತ್ತಾಯ ಬೇಡ, ಕಾರಣವಿಲ್ಲದೆ ಬದಲಿಸುವುದು ಬೇಡ, ಉದ್ದವಾದದ್ದಕ್ಕೆ ಅವಕಾಶವಿರಲಿ, ಸೋರಿಹೋದ ಪಟ್ಟಿಯಲ್ಲಿರುವುದನ್ನು ಮಾತ್ರ ತಿರಸ್ಕರಿಸಿ ಎಂದಿತು. 2025ರ ಆವೃತ್ತಿಯಲ್ಲಿ ಇನ್ನೂ ಮುಂದೆ ಹೋಗಿ, ಪಾಸ್‌ವರ್ಡ್ ಒಂದನ್ನೇ ನೆಚ್ಚಿಕೊಂಡಿರುವ ಕಡೆ ಕನಿಷ್ಠ ಹದಿನೈದು ಅಕ್ಷರ ಇರಬೇಕೆಂದು ಗೊತ್ತುಮಾಡಿದೆ. ನಮ್ಮಲ್ಲಿ ಮೂರು ತಿಂಗಳಿಗೊಮ್ಮೆ ಬದಲಿಸು ಎಂದು ಪೀಡಿಸುವ ಆಫೀಸುಗಳು ಇನ್ನೂ ಬೇಕಾದಷ್ಟಿವೆ. ಹಾಗೆ ಪೀಡಿಸಿದರೆ ಜನ ಏನು ಮಾಡುತ್ತಾರೆಂಬುದನ್ನು ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲೇ ತೋರಿಸಿದ್ದರು. ಹಳೆಯ ಪಾಸ್‌ವರ್ಡ್ ಗೊತ್ತಿದ್ದರೆ ನೂರರಲ್ಲಿ 17 ಅಕೌಂಟ್‌ಗಳ ಹೊಸ ಪಾಸ್‌ವರ್ಡನ್ನು ಐದಕ್ಕಿಂತ ಕಡಿಮೆ ಊಹೆಯಲ್ಲಿ ಹಿಡಿಯಬಹುದಿತ್ತು. ಕೊನೆಯ ಒಂದನ್ನು ಎರಡು ಮಾಡುವುದು ಎಲ್ಲ ದೇಶದವರಿಗೂ ಹೊಳೆಯುವ ಉಪಾಯವೇ.

ಇನ್ನು ಲೆಕ್ಕಕ್ಕೆ ಬರೋಣ. ಕಂಪ್ಯೂಟರ್ ಪಾಸ್‌ವರ್ಡನ್ನು ಹಾಗೇ ಬರೆದಿಟ್ಟುಕೊಳ್ಳುವುದಿಲ್ಲ. ಅದನ್ನು ಗಣಿತದ ಗಿರಣಿಗೆ ಹಾಕಿ ಬಂದ ‘ಹ್ಯಾಶ್’ ಎಂಬ ಅಂಕಿಸಾಲನ್ನು ಇಟ್ಟುಕೊಳ್ಳುತ್ತದೆ. ಹ್ಯಾಶಿನಿಂದ ಹಿಂದಕ್ಕೆ ಹೋಗಲಾಗದು. ಆದರೆ ಒಂದೊಂದೇ ಊಹೆಯನ್ನು ಅದೇ ಗಿರಣಿಗೆ ಹಾಕಿ, ಅದೇ ಅಂಕಿಸಾಲು ಬರುತ್ತದೆಯೇ ಎಂದು ನೋಡಬಹುದು. ಎಷ್ಟು ಬೇಗ ನೋಡಬಹುದು ಎಂಬುದರ ಮೇಲೆ ಎಲ್ಲವೂ ನಿಂತಿದೆ. ವಿಂಡೋಸ್ ತನ್ನ ಲಾಗಿನ್‌ಗೆ ಬಳಸುತ್ತಾ ಬಂದಿರುವ ‘ಎನ್‌ಟಿ ಹ್ಯಾಶ್’ ತೀರಾ ಚುರುಕಿನದು. 2012ರಲ್ಲಿ ಜೆರೆಮಿ ಗಾಸ್ನಿ ಎಂಬ ಅಮೆರಿಕದ ತಜ್ಞರು 25 ಗ್ರಾಫಿಕ್ಸ್ ಕಾರ್ಡ್‌ಗಳನ್ನು ಜೋಡಿಸಿ, ಇಂಥ ಹ್ಯಾಶ್ ಮೇಲೆ ಸೆಕೆಂಡಿಗೆ 35,000 ಕೋಟಿ ಊಹೆ ಮಾಡಬಲ್ಲ ಯಂತ್ರ ಕಟ್ಟಿದರು. ಅಕ್ಷರ, ಅಂಕಿ, ಚಿಹ್ನೆ ಏನೇ ಬೆರೆಸಿರಲಿ, ಎಂಟು ಅಕ್ಷರದ ಯಾವುದೇ ವಿಂಡೋಸ್ ಪಾಸ್‌ವರ್ಡ್ ಅದಕ್ಕೆ ಐದೂವರೆ ಗಂಟೆಯ ಕೆಲಸ. ಅಂದು 25 ಕಾರ್ಡ್ ಮಾಡಿದ್ದನ್ನು ಇಂದು ಆಟವಾಡುವ ಹುಡುಗರು ಕೊಳ್ಳುವ ಒಂದೇ ದುಬಾರಿ ಕಾರ್ಡ್ ಹೆಚ್ಚುಕಡಿಮೆ ಮಾಡಿಬಿಡುತ್ತದೆ.

ಹಾಗಾದರೆ ಹನ್ನೆರಡು, ಹದಿನೈದು ಅಕ್ಷರಗಳ ಗೋಜಲನ್ನು ಬಾಯಿಪಾಠ ಮಾಡಬೇಕೇ? ಬೇಕಿಲ್ಲ. 1995ರಲ್ಲಿ ಆರ್ನಾಲ್ಡ್ ರೈನ್‌ಹೋಲ್ಡ್ ಎಂಬವರು ‘ಡೈಸ್‌ವೇರ್’ ಎಂಬ ಸರಳ ಉಪಾಯ ಕೊಟ್ಟರು. 7,776 ಪದಗಳ ಪಟ್ಟಿ, ಐದು ದಾಳ. ದಾಳ ಎಸೆದರೆ ಬಿದ್ದ ಐದು ಅಂಕಿ ಪಟ್ಟಿಯ ಒಂದು ಪದವನ್ನು ತೋರಿಸುತ್ತದೆ. ಹೀಗೆ ಐದಾರು ಸಲ ಎಸೆದು, ಬಂದ ಪದಗಳನ್ನು ಸಾಲಾಗಿ ಬರೆದರೆ ಅದೇ ಪಾಸ್‌ವರ್ಡ್. ಇದರ ಜೀವಾಳವಿರುವುದು ಪದಗಳಲ್ಲಲ್ಲ, ದಾಳದಲ್ಲಿ. ಮನುಷ್ಯನ ಮನಸ್ಸು ಆರಿಸಿದ್ದನ್ನು ಇನ್ನೊಂದು ಮನಸ್ಸು ಊಹಿಸಬಹುದು. ದಾಳಕ್ಕೆ ಇಷ್ಟದೇವರಿಲ್ಲ, ಮೆಚ್ಚಿನ ನಟನಿಲ್ಲ, ಹುಟ್ಟಿದೂರಿಲ್ಲ.

ಆ ಪಟ್ಟಿ ಇಂಗ್ಲಿಷಿನದು. ಕನ್ನಡದ ಮನೆಗೆ ಅಂಥ ಪಟ್ಟಿ ಹುಡುಕಿಕೊಂಡು ಹೋಗಬೇಕಾಗಿಲ್ಲ, ಶಾಲೆಗೆ ಹೋಗುವ ಮಕ್ಕಳಿರುವ ಕಡೆ ಒಂದು ಕನ್ನಡ ನಿಘಂಟು ಇದ್ದೇ ಇರುತ್ತದೆ. ದಾಳವೂ ಬೇಡ. ಜೇಬಿನಲ್ಲಿರುವ ಹಳೆಯ ಹತ್ತು, ಇಪ್ಪತ್ತರ ನೋಟುಗಳು ಸಾಕು. ಪ್ರತಿ ನೋಟಿನ ಕ್ರಮಸಂಖ್ಯೆಯ ಕೊನೆಗೆ ಆರು ಅಂಕಿಗಳಿರುತ್ತವೆ. ಕೊನೆಯ ಮೂರು ಅಂಕಿಯನ್ನು ನಿಘಂಟಿನ ಪುಟವೆಂದು, ಅದರ ಹಿಂದಿನ ಒಂದಂಕಿಯನ್ನು ಆ ಪುಟದ ಎಷ್ಟನೆಯ ಪದ ಎಂದು ಓದಿಕೊಳ್ಳುವುದು. ಸೊನ್ನೆ ಬಂದರೆ ಹತ್ತನೆಯ ಪದ. ನೋಟಿನ ಸಂಖ್ಯೆ 274316 ಎಂದಿದ್ದರೆ 316ನೇ ಪುಟದ ನಾಲ್ಕನೆಯ ಪದ. ಅಷ್ಟು ಪುಟ ನಿಘಂಟಿನಲ್ಲಿ ಇಲ್ಲದಿದ್ದರೆ ಆ ನೋಟು ಬದಿಗಿಟ್ಟು ಮುಂದಿನದು. ಎಟಿಎಂನಿಂದ ಬಂದ ಗರಿಗರಿ ಕಟ್ಟು ಮಾತ್ರ ಬೇಡ, ಅದರ ಸಂಖ್ಯೆಗಳು ಒಂದರ ಹಿಂದೊಂದು ಸಾಲಾಗಿರುತ್ತವೆ. ತರಕಾರಿ ಅಂಗಡಿಯಲ್ಲಿ, ಬಸ್ಸಿನಲ್ಲಿ ಚಿಲ್ಲರೆಯಾಗಿ ಬಂದ ಮಾಸಿದ ನೋಟೇ ಶ್ರೇಷ್ಠ.

ಹೀಗೆ ತೆಗೆದಾಗ ಬರುವುದು ಏನಿರಬಹುದು? ಗೊರಬು, ಸೊಲಿಗೆ, ಅಳಿಲು, ಮುಂಗೈ, ಬಾವುಟ, ಜರಡಿ. ಅರ್ಥವಿಲ್ಲದ ಸಾಲು, ಆದರೆ ಅದಕ್ಕೊಂದು ಕತೆ ಕಟ್ಟಲು ಅರ್ಧ ನಿಮಿಷ ಸಾಕು: ಗೊರಬಿನ ಕೆಳಗೆ ಸೊಲಿಗೆ, ಸೊಲಿಗೆಯೊಳಗೆ ಅಳಿಲು, ಅದು ಮುಂಗೈ ಏರಿ ಬಾವುಟ ಹಿಡಿದು ಜರಡಿಯ ಮೇಲೆ ಕುಣಿಯಿತು. ಕತೆ ಎಷ್ಟು ಹುಚ್ಚಾಗಿದ್ದರೆ ಅಷ್ಟು ನೆನಪಿರುತ್ತದೆ. ಬಂದ ಪದ ಇಷ್ಟವಾಗಲಿಲ್ಲವೆಂದು ಪಕ್ಕದ ಚೆಂದದ ಪದ ಹಾಕಿಕೊಳ್ಳುವ ಆಸೆಯೊಂದನ್ನು ತಡೆದುಕೊಳ್ಳಬೇಕು. ಅಲ್ಲಿಗೆ ಮನಸ್ಸಿನ ಆಯ್ಕೆ ಹಿಂಬಾಗಿಲಿನಿಂದ ಒಳಬಂದಂತಾಗುತ್ತದೆ. (ಇಲ್ಲಿ ಅಚ್ಚಾದ ಸಾಲನ್ನು ಯಾರೂ ಬಳಸಬಾರದು ಎಂದು ಬೇರೆ ಹೇಳಬೇಕಿಲ್ಲ.)

ಎಷ್ಟು ಪದ ಬೇಕು? 600 ಪುಟದ ನಿಘಂಟು, ಪುಟಕ್ಕೆ ಹತ್ತು ಪದ ಎಂದರೆ ಒಂದೊಂದು ಸಲಕ್ಕೂ 6,000 ಸಾಧ್ಯತೆ. ಕಳ್ಳನಿಗೆ ನಿಘಂಟು ಯಾವುದೆಂದೂ, ನೋಟಿನ ಉಪಾಯವೂ ಗೊತ್ತು ಎಂದೇ ಇಟ್ಟುಕೊಳ್ಳೋಣ. ಸೆಕೆಂಡಿಗೆ 35,000 ಕೋಟಿ ಊಹೆಯ ಆ ಯಂತ್ರ ನಾಲ್ಕು ಪದಗಳ ಎಲ್ಲ ಜೋಡಣೆಗಳನ್ನೂ ಸುಮಾರು ಒಂದು ಗಂಟೆಯಲ್ಲಿ ಜಾಲಾಡುತ್ತದೆ. ಐದು ಪದಕ್ಕೆ ಎಂಟೂವರೆ ತಿಂಗಳು. ಆರು ಪದಕ್ಕೆ ನಾಲ್ಕು ಸಾವಿರ ವರ್ಷಕ್ಕೂ ಹೆಚ್ಚು. ಒಂದು ಪದ ಸೇರಿದಾಗಲೆಲ್ಲ ಆರು ಸಾವಿರ ಪಟ್ಟು ಹಿಗ್ಗುವ ಈ ಲೆಕ್ಕದ ಮುಂದೆ @ ಮತ್ತು ಆಶ್ಚರ್ಯಚಿಹ್ನೆಗಳ ಬೆಲೆ ಎಷ್ಟು ಸಣ್ಣದೆಂದು ಕಾಣುತ್ತದೆ.

ಉದ್ದವಾದದ್ದೆಲ್ಲ ಗಟ್ಟಿಯೂ ಅಲ್ಲ. ‘ಈ ಸಲ ಕಪ್ ನಮ್ದೇ’ ಎಂಬುದು ಉದ್ದಕ್ಕೇನೋ ಉದ್ದವೇ, ಆದರೆ ಅದನ್ನು ಕೂಗದ ಬಾಯಿ ಯಾವುದಿದೆ? ಗಾದೆ, ವಚನದ ಸಾಲು, ಸಿನಿಮಾ ಹಾಡಿನ ಪಲ್ಲವಿ, ನಾಡಗೀತೆ ಎಲ್ಲವೂ ಇದೇ ಜಾತಿ. 2013ರಲ್ಲಿ ಅಮೆರಿಕದ ಇಬ್ಬರು ಪಾಸ್‌ವರ್ಡ್ ತಜ್ಞರು ವಿಕಿಪೀಡಿಯ, ಹಳೆಯ ಪುಸ್ತಕಗಳು, ಬೈಬಲ್, ಯೂಟ್ಯೂಬ್‌ಗಳಿಂದ ಸಾಲುಗಳನ್ನು ಹೆಕ್ಕಿ ಹ್ಯಾಶ್‌ಗಳ ಮೇಲೆ ಪ್ರಯೋಗಿಸಿದಾಗ, ಐವತ್ತು ಅಕ್ಷರದಷ್ಟು ಉದ್ದದ, ಕತೆಗಾರನೊಬ್ಬ ಕಲ್ಪಿಸಿದ ಭಾಷೆಯ ಮಂತ್ರವೊಂದು ಕೂಡ ಸಿಕ್ಕಿಬಿದ್ದಿತ್ತು. ಎಲ್ಲೋ ಒಂದು ಕಡೆ ಅಚ್ಚಾಗಿರುವ ವಾಕ್ಯ ಎಷ್ಟೇ ಉದ್ದವಿದ್ದರೂ ಅದು ಪಟ್ಟಿಯ ಒಂದು ಸಾಲು ಮಾತ್ರ.

ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದರಲ್ಲಿ ನಮಗೊಂದು ಸಣ್ಣ ಲಾಭವಿದೆ. ‘ಸೊಲಿಗೆ’ಗೆ ಎಲ್ಲರೂ ಒಪ್ಪಿದ ಇಂಗ್ಲಿಷ್ ಕಾಗುಣಿತವಿಲ್ಲ. ‘ಳ’ಕ್ಕೆ ಒಬ್ಬರು ದೊಡ್ಡ ‘ಎಲ್’ ಹಾಕುತ್ತಾರೆ, ದೀರ್ಘಕ್ಕೆ ಇನ್ನೊಬ್ಬರು ಸ್ವರವನ್ನು ಎರಡು ಸಲ ಒತ್ತುತ್ತಾರೆ. ಮೊಬೈಲಿನಲ್ಲಿ ಮೆಸೇಜ್ ಕಳಿಸುವಾಗ ರೂಢಿಯಾದ ತಮ್ಮದೇ ಕಾಗುಣಿತವನ್ನು ಇಲ್ಲೂ ಇಟ್ಟುಕೊಂಡರೆ ಕೈ ತಪ್ಪುವುದಿಲ್ಲ. ಪದಗಳ ನಡುವೆ ಸ್ಪೇಸ್ ಬಿಡಬಹುದು. ವಿಂಡೋಸ್, ಮ್ಯಾಕ್ ಎರಡೂ ಅದನ್ನು ಒಪ್ಪುತ್ತವೆ.

ಹಾಗಾದರೆ ನೇರವಾಗಿ ಕನ್ನಡ ಲಿಪಿಯಲ್ಲೇ ಒತ್ತಿದರೆ? ಅಭಿಮಾನದ ಮಾತು ಬೇರೆ, ಲಾಗಿನ್ ಪರದೆಯ ಮಾತು ಬೇರೆ. ಯೂನಿಕೋಡ್‌ನಲ್ಲಿ ‘ಕೊ’ ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವ ಎಂಬ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹ್ಯಾಶಿಗೆ ಎರಡೂ ಬೇರೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ ಮತ್ತು ಕ ಒತ್ತಾಗದಂತೆ ನಡುವೆ ಕಾಣದ ಒಂದು ಅಕ್ಷರ ಕೂತಿರುತ್ತದೆ, ಅದನ್ನು ಒಂದು ಕೀಬೋರ್ಡ್ ಹಾಕುತ್ತದೆ, ಇನ್ನೊಂದು ಹಾಕದು. ಪಾಸ್‌ವರ್ಡ್ ಡಬ್ಬಿಯಲ್ಲಿ ಕಾಣುವುದು ಬರೀ ಚುಕ್ಕಿಗಳಾದ್ದರಿಂದ ತಪ್ಪೆಲ್ಲಿ ಎಂದು ತಿಳಿಯುವ ದಾರಿಯೂ ಇಲ್ಲ. ಅದರ ಮೇಲೆ, ಯಂತ್ರ ಕೆಟ್ಟು ರಿಕವರಿ ಪರದೆ ಬಂದಾಗ ಅಲ್ಲಿ ಕನ್ನಡ ಕೀಬೋರ್ಡ್ ಇರುತ್ತದೆಂಬ ಭರವಸೆಯಿಲ್ಲ. ಸದ್ಯಕ್ಕೆ ಪದ ಕನ್ನಡದ್ದು, ಅಕ್ಷರ ಇಂಗ್ಲಿಷಿನದು ಎಂಬ ರಾಜಿಯೇ ವಾಸಿ.

ಆರು ಪದ ಒತ್ತುವುದು ದಿನಕ್ಕೆ ಹತ್ತು ಸಲ ಎಂದಾದರೆ ಯಾರಿಗಾದರೂ ಬೇಸರ ಬರುತ್ತದೆ, ಬೇಸರ ಬಂದವರು ಎರಡನೇ ವಾರಕ್ಕೆ 1234ಕ್ಕೆ ಮರಳುತ್ತಾರೆ. ಇದಕ್ಕೆ ವಿಂಡೋಸ್ ಕೊಟ್ಟಿರುವ ದಾರಿ ‘ಹಲೋ’ ಪಿನ್ ಅಥವಾ ಬೆರಳಚ್ಚು. ಪಿನ್ ಚಿಕ್ಕದಿದ್ದರೂ ಇಲ್ಲಿ ನಡೆಯುತ್ತದೆ, ಕಾರಣವಿದೆ. ಅದು ಆ ಒಂದು ಯಂತ್ರದೊಳಗಿನ ‘ಟಿಪಿಎಂ’ ಎಂಬ ಚಿಪ್‌ಗೆ ಕಟ್ಟಿಹಾಕಿದ್ದು. ಬೇರೆ ಕಂಪ್ಯೂಟರಿನಲ್ಲಿ ಕೆಲಸಕ್ಕೆ ಬಾರದು, ಕೆಲವು ಸಲ ತಪ್ಪಿದರೆ ಚಿಪ್ ತಾನಾಗಿ ಬಾಗಿಲು ಹಾಕಿಕೊಳ್ಳುತ್ತದೆ. ಹಾಗೆಂದು ನಾಲ್ಕಂಕಿಯಲ್ಲಿ ಹುಟ್ಟಿದ ವರ್ಷ ಬೇಡ. ಸೋರಿಹೋದ 34 ಲಕ್ಷ ನಾಲ್ಕಂಕಿ ಗುಟ್ಟುಗಳನ್ನು 2012ರಲ್ಲಿ ಎಣಿಸಿ ನೋಡಿದಾಗ ನೂರಕ್ಕೆ ಹತ್ತಿರಹತ್ತಿರ ಹನ್ನೊಂದು 1234 ಆಗಿದ್ದವು, 19ರಿಂದ ಶುರುವಾಗುವ ವರ್ಷಗಳೂ ಧಾರಾಳವಾಗಿದ್ದವು. ಆರಂಕಿಯ ಪಿನ್, ಅದನ್ನೂ ನೋಟಿನಿಂದಲೇ ತೆಗೆದದ್ದು, ದಿನಬಳಕೆಗೆ ಸಾಕು. ಆ ನೋಟನ್ನು ಮಾತ್ರ ಮೊದಲು ಖರ್ಚು ಮಾಡಿಬಿಡಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಕಿಂಡಿ ಉಳಿದಿರುತ್ತದೆ, ಮತ್ತು ಮನೆಯ ಕಂಪ್ಯೂಟರಿನ ವಿಷಯದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ಲಾಗಿನ್ ಪಾಸ್‌ವರ್ಡ್ ಕಾಯುವುದು ವಿಂಡೋಸಿನ ಬಾಗಿಲನ್ನು, ಡಿಸ್ಕಿನಲ್ಲಿರುವ ಕಡತಗಳನ್ನಲ್ಲ. ಪೆನ್‌ಡ್ರೈವ್‌ನಲ್ಲಿ ಲಿನಕ್ಸ್ ಹಾಕಿಕೊಂಡು ಅದರಿಂದ ಯಂತ್ರವನ್ನು ಶುರು ಮಾಡಿದರೆ, ಇಲ್ಲವೇ ಡಿಸ್ಕನ್ನೇ ಬಿಚ್ಚಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೆ, ಫೋಟೊ, ಪ್ಯಾನ್ ಕಾರ್ಡ್ ಸ್ಕ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲವೂ ಕಾಣುತ್ತವೆ. ಮುಂಬಾಗಿಲಿಗೆ ಎರಡು ಬೀಗ ಜಡಿದು ಹಿತ್ತಿಲಿಗೆ ಗೋಡೆಯನ್ನೇ ಕಟ್ಟದ ಮನೆಯಂತೆ. ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿದಾಗಲೇ ಪಾಸ್‌ವರ್ಡಿಗೆ ಅರ್ಥ.

ವಿಂಡೋಸಿನ ಪ್ರೊ ಆವೃತ್ತಿಯಲ್ಲಿ ಇದರ ಹೆಸರು ‘ಬಿಟ್‌ಲಾಕರ್’, ಹೋಮ್ ಆವೃತ್ತಿಯಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’, ಮ್ಯಾಕ್‌ನಲ್ಲಿ ‘ಫೈಲ್‌ವಾಲ್ಟ್’. ಸೆಟ್ಟಿಂಗ್ಸ್‌ನ ‘ಪ್ರೈವಸಿ ಅಂಡ್ ಸೆಕ್ಯುರಿಟಿ’ ವಿಭಾಗದಲ್ಲಿ ಹುಡುಕಿದರೆ ಆನ್ ಇದೆಯೋ ಆಫ್ ಇದೆಯೋ ತಿಳಿಯುತ್ತದೆ. 2024ರ ಕೊನೆಯ ನಂತರದ ವಿಂಡೋಸ್ 11ನ್ನು ಹೊಸದಾಗಿ ಹಾಕಿಕೊಂಡು ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದವರಲ್ಲಿ ಅದು ಬಹುತೇಕ ತಾನಾಗಿಯೇ ಶುರುವಾಗಿರುತ್ತದೆ; ಹಳೆಯ ಯಂತ್ರಗಳಲ್ಲಿ ಕೈಯಿಂದಲೇ ಹಾಕಬೇಕು. ಉಬುಂಟು ಬಳಸುವವರು ಇನ್‌ಸ್ಟಾಲ್ ಮಾಡುವಾಗಲೇ ಈ ಆಯ್ಕೆಯನ್ನು ಒತ್ತಿರಬೇಕು. ಎನ್‌ಕ್ರಿಪ್ಷನ್ ಇದ್ದರೆ ಇನ್ನೊಂದು ಅನುಕೂಲವಿದೆ: ಪಾಸ್‌ವರ್ಡಿನ ಹ್ಯಾಶ್ ಕೂಡ ಆ ಗೂಡಿನೊಳಗೇ ಇರುವುದರಿಂದ ಕಳ್ಳನ ಕೈಗೆ ಸಿಗುವುದಿಲ್ಲ. ಡಿಸ್ಕಿಗೇ ಪಾಸ್‌ವರ್ಡ್ ಹಾಕಿದಾಗ ಬಿಟ್‌ಲಾಕರ್ ಒಂದೊಂದು ಊಹೆಯನ್ನೂ ಹತ್ತು ಲಕ್ಷಕ್ಕೂ ಹೆಚ್ಚು ಸಲ ಗಿರಣಿಯಲ್ಲಿ ತಿರುಗಿಸುತ್ತದೆ. ಒಂದು ಗಂಟೆಯಲ್ಲಿ ಮುಗಿಯುತ್ತಿದ್ದ ನಾಲ್ಕು ಪದಗಳ ಹುಡುಕಾಟ ಆಗ ನೂರು ವರ್ಷ ದಾಟುತ್ತದೆ. ಹಾಗಾಗಿ ಎನ್‌ಕ್ರಿಪ್ಷನ್ ಹಾಕಿದವರು ಆರು ಪದದಿಂದ ಐದಕ್ಕೆ ಇಳಿದರೂ ಅಂಜಬೇಕಿಲ್ಲ.

ಅಂಜಬೇಕಾದದ್ದು ಮರೆವಿಗೆ. ಸ್ಯಾನ್‌ಫ್ರಾನ್ಸಿಸ್ಕೋದ ಪ್ರೋಗ್ರಾಮರ್ ಸ್ಟೆಫಾನ್ ಥಾಮಸ್ ಅವರ 7,002 ಬಿಟ್‌ಕಾಯಿನ್‌ಗಳ ಕೀಲಿ ‘ಐರನ್‌ಕೀ’ ಎಂಬ ಎನ್‌ಕ್ರಿಪ್ಟ್ ಮಾಡಿದ ಪೆನ್‌ಡ್ರೈವಿನಲ್ಲಿದೆ. ಹತ್ತು ಸಲ ತಪ್ಪಿದರೆ ಅದು ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ. 2021ರ ಜನವರಿಯಲ್ಲಿ ಪತ್ರಿಕೆಗಳಲ್ಲಿ ಅವರ ಕತೆ ಬಂದಾಗ ಎಂಟು ಸಲ ತಪ್ಪಿಯಾಗಿತ್ತು. ಪಾಸ್‌ವರ್ಡ್ ಬರೆದಿಟ್ಟ ಚೀಟಿ ಎಂದೋ ಕಳೆದುಹೋಗಿತ್ತು. ಮನೆಯ ಲ್ಯಾಪ್‌ಟಾಪಿನಲ್ಲಿ ಅಷ್ಟು ಸಂಪತ್ತು ಇರಲಾರದು, ಆದರೆ ಹತ್ತು ವರ್ಷದ ಫೋಟೊಗಳಿರುತ್ತವೆ. ಬಿಟ್‌ಲಾಕರ್ ಹಾಕಿದಾಗ ಅದು 48 ಅಂಕಿಗಳ ರಿಕವರಿ ಕೀ ಕೊಡುತ್ತದೆ. ಅದನ್ನು ಅದೇ ಲ್ಯಾಪ್‌ಟಾಪಿನ ಡೆಸ್ಕ್‌ಟಾಪಿನಲ್ಲಿ ಸೇವ್ ಮಾಡಿಡುವವರಿಗೆ ಏನೆನ್ನಬೇಕೋ ತಿಳಿಯದು. ಕಾಗದದ ಮೇಲೆ ಬರೆದು ಬೀರುವಿನಲ್ಲಿ, ಮನೆಪತ್ರ, ಎಲ್‌ಐಸಿ ಬಾಂಡುಗಳ ಜೊತೆಗಿಡಬೇಕು.

ಪಾಸ್‌ವರ್ಡನ್ನು ಬರೆದಿಡಬಾರದು ಎಂಬ ಹಳೆಯ ಉಪದೇಶವನ್ನು ಭದ್ರತಾ ತಜ್ಞ ಬ್ರೂಸ್ ಷ್ನಯರ್ 2005ರಲ್ಲೇ ಬದಿಗೆ ಸರಿಸಿದ್ದರು. ಬರೆಯಿರಿ, ಹಣ ಇಡುವ ಪರ್ಸಿನಲ್ಲೇ ಇಡಿ, ಸಣ್ಣ ಕಾಗದಗಳನ್ನು ಜೋಪಾನ ಮಾಡುವುದು ಜನರಿಗೆ ಚೆನ್ನಾಗಿ ಗೊತ್ತು ಎಂಬುದು ಅವರ ವಾದ. ತೊಂದರೆ ಇರುವುದು ಕಾಗದ ಎಲ್ಲಿದೆ ಎಂಬುದರಲ್ಲಿ. 2015ರಲ್ಲಿ ಫ್ರಾನ್ಸಿನ ಟಿವಿ5ಮಾಂಡ್ ವಾಹಿನಿಯ ಮೇಲೆ ಸೈಬರ್ ದಾಳಿಯಾದಾಗ ಅಲ್ಲಿಯ ಪತ್ರಕರ್ತರೊಬ್ಬರು ಕ್ಯಾಮೆರಾ ಮುಂದೆ ಕೂತು ಅದರ ಬಗ್ಗೆ ಮಾತಾಡಿದರು. ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಚೀಟಿಗಳು ಅಂಟಿದ್ದವು, ಅವುಗಳಲ್ಲಿ ವಾಹಿನಿಯ ಪಾಸ್‌ವರ್ಡ್‌ಗಳಿದ್ದವು. ಯೂಟ್ಯೂಬಿನದ್ದಂತೂ ಫ್ರೆಂಚಿನಲ್ಲಿ ‘ಯೂಟ್ಯೂಬಿನ ಪಾಸ್‌ವರ್ಡ್’ ಎಂದೇ ಇತ್ತು.

ಬಾಯಿಪಾಠ ಇರಬೇಕಾದವು ಎರಡು ಅಥವಾ ಮೂರು, ಹೆಚ್ಚಿಲ್ಲ: ಕಂಪ್ಯೂಟರಿನದು, ಇ-ಮೇಲಿನದು, ಪಾಸ್‌ವರ್ಡ್ ಮ್ಯಾನೇಜರಿನದು. ಮೂರನ್ನೂ ನೋಟಿನ ಉಪಾಯದಿಂದ ಬೇರೆಬೇರೆಯಾಗಿ ತೆಗೆಯಬೇಕು. ಉಳಿದ ನೂರಾರನ್ನು ಮ್ಯಾನೇಜರ್ ತಂತ್ರಾಂಶವೇ ಗೋಜಲಾಗಿ ಹುಟ್ಟಿಸಿ ನೆನಪಿಡಲಿ. ಕಡತ ತಮ್ಮ ಯಂತ್ರದಲ್ಲೇ ಇರಬೇಕೆನ್ನುವವರಿಗೆ ‘ಕೀಪಾಸ್ಎಕ್ಸ್‌ಸಿ’ ಇದೆ, ಫೋನಿನಲ್ಲೂ ಬೇಕೆನ್ನುವವರಿಗೆ ‘ಬಿಟ್‌ವಾರ್ಡನ್’. ಮೊದಲನೆಯದು ಪೂರ್ತಿ ಉಚಿತ, ಎರಡನೆಯದು ಸಾಮಾನ್ಯ ಬಳಕೆಗೆ ಉಚಿತ. ಇವೂ ಪವಾಡವಲ್ಲ. 2022ರಲ್ಲಿ ‘ಲಾಸ್ಟ್‌ಪಾಸ್’ ಎಂಬ ಹೆಸರಾಂತ ಮ್ಯಾನೇಜರಿನಿಂದ ಗ್ರಾಹಕರ ಎನ್‌ಕ್ರಿಪ್ಟ್ ಆದ ಪೆಟ್ಟಿಗೆಗಳೇ ಕಳುವಾದವು. ಗಟ್ಟಿ ಮಾಸ್ಟರ್ ಪಾಸ್‌ವರ್ಡ್ ಇದ್ದವರಿಗೂ ಇಲ್ಲದವರಿಗೂ ಅಂದು ವ್ಯತ್ಯಾಸ ಗೊತ್ತಾಗಿರಬೇಕು.

ಒಂದೇ ಪಾಸ್‌ವರ್ಡನ್ನು ಎಲ್ಲ ಕಡೆ ಹಾಕುವುದರಿಂದ ಏನಾಗುತ್ತದೆಂಬುದಕ್ಕೆ ಫೇಸ್‌ಬುಕ್ ಕಟ್ಟಿದ ಮಾರ್ಕ್ ಝುಕರ್‌ಬರ್ಗ್ ಅವರೇ ಸಾಕ್ಷಿ. 2016ರ ಜೂನಿನಲ್ಲಿ ಅವರ ಟ್ವಿಟ್ಟರ್, ಪಿಂಟರೆಸ್ಟ್ ಖಾತೆಗಳು ಕೈತಪ್ಪಿದವು. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಸೋರಿದ್ದ ಅವರ ಪಾಸ್‌ವರ್ಡ್ ‘ಡಡಡಾ’ ಆಗಿತ್ತು, ಅದನ್ನೇ ಇಲ್ಲೂ ಹಾಕಿ ನೋಡಿದೆವು ಎಂದು ದಾಳಿಕೋರರು ಹೇಳಿಕೊಂಡರು. ತಮ್ಮ ಪಾಸ್‌ವರ್ಡ್ ಸೋರಿದೆಯೇ ಎಂದು ನೋಡಲು ಆಸ್ಟ್ರೇಲಿಯಾದ ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದ ‘ಹ್ಯಾವ್ ಐ ಬೀನ್ ಪೋನ್ಡ್’ ಸೇವೆ ಇದೆ. ಅಲ್ಲಿ ಪರೀಕ್ಷಿಸುವಾಗ ಪಾಸ್‌ವರ್ಡ್ ಪೂರ್ತಿಯಾಗಿ ಹೊರಗೆ ಹೋಗುವುದಿಲ್ಲ, ಅದರ ಹ್ಯಾಶಿನ ಮೊದಲ ಐದು ಅಕ್ಷರ ಮಾತ್ರ ಹೋಗುತ್ತದೆ. ಮೈಕ್ರೋಸಾಫ್ಟ್ ಅಕೌಂಟಿನಿಂದ ವಿಂಡೋಸಿಗೆ ಲಾಗಿನ್ ಆಗುವವರು ಇನ್ನೊಂದನ್ನು ಗಮನಿಸಬೇಕು: ಅವರ ಕಂಪ್ಯೂಟರಿನ ಪಾಸ್‌ವರ್ಡ್ ಮತ್ತು ಇಂಟರ್‌ನೆಟ್‌ನಲ್ಲಿರುವ ಆ ಅಕೌಂಟಿನ ಪಾಸ್‌ವರ್ಡ್ ಒಂದೇ. ಅಲ್ಲಿ ಫೋನಿನಲ್ಲಿ ಒಪ್ಪಿಗೆ ಕೇಳುವ ಎರಡನೇ ಹಂತ ಹಾಕಿರಲೇಬೇಕು.

ಎಷ್ಟೇ ಉದ್ದದ ಪದಸಾಲೂ ತಡೆಯಲಾರದ ಕಳ್ಳನೊಬ್ಬನಿದ್ದಾನೆ. ದುಡ್ಡು ಕೊಡದೆ ಬಳಸಲು ‘ಕ್ರ್ಯಾಕ್’ ಮಾಡಿದ ಫೋಟೊಶಾಪ್, ಆಟಗಳ ಜೊತೆ ಬರುವ ಮಾಲ್‌ವೇರ್, ಬ್ರೌಸರಿನಲ್ಲಿ ಸೇವ್ ಆದ ಪಾಸ್‌ವರ್ಡ್‌ಗಳನ್ನೆಲ್ಲ ಗುಡಿಸಿಕೊಂಡು ಹೋಗುತ್ತದೆ. ಅದು ಬೀಗ ಮುರಿಯುವುದಿಲ್ಲ, ಯಜಮಾನ ಒಳಗಿರುವಾಗಲೇ ಜೊತೆಗೆ ನುಗ್ಗುತ್ತದೆ. ಮಕ್ಕಳು ಆಟ ಇಳಿಸಿಕೊಳ್ಳುವ ಮನೆಯಲ್ಲಿ ಅವರಿಗೆ ಅಡ್ಮಿನ್ ಅಧಿಕಾರವಿಲ್ಲದ ಬೇರೆ ಅಕೌಂಟ್ ತೆರೆದುಕೊಡುವುದು ಅದಕ್ಕೇ. ಅಂಥದ್ದೇನಾದರೂ ನುಗ್ಗಿ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು, ಆಮೇಲೆ ಶುಚಿಯಾದ ಬೇರೆ ಯಂತ್ರದಿಂದ ಮೊದಲು ಇ-ಮೇಲಿನ ಪಾಸ್‌ವರ್ಡ್ ಬದಲಿಸಬೇಕು. ಬದಲಿಸಲು ಇದು ಸರಿಯಾದ ಕಾರಣ. ಕ್ಯಾಲೆಂಡರ್ ಮಗುಚಿದ್ದು ಕಾರಣವಲ್ಲ.

ಹೊಸ ಪದಸಾಲು ಹಾಕಲು ಶನಿವಾರ ಬೆಳಿಗ್ಗೆ ಒಳ್ಳೆಯದು. ಪ್ರವಾಸಕ್ಕೆ ಹೊರಡುವ ಹಿಂದಿನ ರಾತ್ರಿ ಬೇಡ. ಹಾಕುವ ಮೊದಲು ನೋಟ್‌ಪ್ಯಾಡ್ ತೆರೆದು ನಾಲ್ಕಾರು ಸಲ ಒತ್ತಿ ನೋಡಿ, ಬೆರಳಿಗೆ ರೂಢಿಯಾದ ಮೇಲೆ ಆ ಕಡತವನ್ನು ಸೇವ್ ಮಾಡದೆ ಮುಚ್ಚಬೇಕು. ಕ್ಯಾಪ್ಸ್ ಲಾಕ್ ಆನ್ ಇದೆಯೇ, ಕೀಬೋರ್ಡ್ ಕನ್ನಡದಲ್ಲಿದೆಯೇ ಎಂದು ಒಮ್ಮೆ ನೋಡಿಕೊಳ್ಳುವುದು ಮುಖ್ಯ, ಅರ್ಧದಷ್ಟು ‘ಪಾಸ್‌ವರ್ಡ್ ಮರೆತುಹೋಯಿತು’ ಪ್ರಕರಣಗಳ ಮೂಲ ಅಲ್ಲೇ ಇದ್ದರೆ ಆಶ್ಚರ್ಯವಿಲ್ಲ. ಮೊದಲ ವಾರ ಪಿನ್ ಬಳಸದೆ ಪೂರ್ತಿ ಸಾಲನ್ನೇ ಒತ್ತುವುದು, ಚೀಟಿಯನ್ನು ಪರ್ಸಿನಲ್ಲಿಟ್ಟಿರುವುದು. ವಾರ ಕಳೆದ ಮೇಲೆ ಚೀಟಿಯನ್ನು ಬೀರುವಿನಲ್ಲಿರುವ ರಿಕವರಿ ಕೀ ಜೊತೆ ಒಂದೇ ಲಕೋಟೆಗೆ ಹಾಕಿ, ಲಕೋಟೆ ಎಲ್ಲಿದೆ ಎಂಬುದನ್ನು ಮನೆಯ ಇನ್ನೊಬ್ಬರಿಗೆ ಹೇಳಿಡಬಹುದು.